ಉಂಟು, ಉಂಟಂತೆ

ನಮ್ಮ ದೊಡ್ಡಪ್ಪನಿಗೆ ತಾನು ಹುಟ್ಟಿದ್ದರ ಬಗ್ಗೆಯೇ ಪೂರ್ತಿ ಖಾತ್ರಿ ಇಲ್ಲ!

ತಮಾಷೆಗೆ ಹೇಳುತ್ತಿಲ್ಲ, ನೀವೇ ಬಂದು ಕೇಳಿ ನೋಡಿ. ಕುಂಬಳೆಯಿಂದ ಒಳಗೆ ಹೋಗುವ ಬಸ್ಸು ಹತ್ತಿ ಹದಿನೇಳನೇ ನಿಮಿಷಕ್ಕೆ ಇಳಿದರೆ (ಗಡಿಯಾರ ಹಿಡಿದು ನೋಡಿದ್ದೇನೆ) ಎಡಗಡೆಗೆ ಕೆಂಪುಕಲ್ಲಿನ ಗಿಡ್ಡ ಗೋಡೆಯ ಮನೆ ನಮ್ಮದು. ಜಗಲಿಯಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡು ಕುಳಿತವರೇ ನಮ್ಮ ದೊಡ್ಡಪ್ಪ, ಅಂದರೆ ನನ್ನ ಅಪ್ಪನ ಅಣ್ಣ. "ನಿಮ್ಮ ಹುಟ್ಟೂರು ಯಾವುದು?" ಎಂದು ಕೇಳಿ.

"ದೇಲಂಪಾಡಿಯಂತೆ."

"ಅಂತೆ ಯಾಕೆ? ಹುಟ್ಟಿದ್ದು ನೀವೇ ಅಲ್ಲವಾ?"

"ನಾನೇ ಇರಬೇಕು. ಇಲ್ಲದಿದ್ದರೆ ಈಗ ಇಲ್ಲಿ ಕೂತದ್ದು ಯಾರು? ಆದರೆ ಆವತ್ತು ಊರಿನ ಬೋರ್ಡು ಓದುವಷ್ಟು ತಿಳುವಳಿಕೆ ನನಗೆ ಇರಲಿಲ್ಲ ನೋಡಿ."

ದೊಡ್ಡಪ್ಪನ ಕಾನೂನು ಇಷ್ಟೇ. ಸ್ವಂತ ಕಣ್ಣಿನಿಂದ ಕಂಡದ್ದಾದರೆ 'ಉಂಟು'. ಪ್ರಪಂಚದಲ್ಲಿ ಬಾಕಿ ಉಳಿದ ಸಕಲವೂ 'ಉಂಟಂತೆ'.

ಶಾಲೆಯಲ್ಲಿ ನಾವು 'ಉ, ಅನ್ನು, ಇಂದ, ಗೆ' ಎಂದು ಪ್ರತ್ಯಯಗಳನ್ನು ಬಾಯಿಪಾಠ ಮಾಡಿದ್ದೆವು. 'ಮನೆ'ಗೆ 'ಗೆ' ಹಚ್ಚಿದರೆ ದಾರಿ ಮನೆಯ ಕಡೆ ತಿರುಗುತ್ತದೆ. 'ಇಂದ' ಹಚ್ಚಿದರೆ ಅದೇ ದಾರಿ ಚಪ್ಪಲಿ ಮೆಟ್ಟಿ ಹೊರಗೆ ಹೊರಡುತ್ತದೆ. ಮೋಸಕ್ಕೆ 'ಗಾರ' ಹಚ್ಚಿ ನೋಡಿ, ಎದುರಿಗೆ ಒಬ್ಬ ಮನುಷ್ಯನೇ ಎದ್ದು ನಿಲ್ಲುತ್ತಾನೆ! ಒಂದೆರಡು ಅಕ್ಷರದ ಬಾಲಕ್ಕೆ ಇಷ್ಟು ಶಕ್ತಿ. ಆದರೆ 'ಅಂತೆ'ಯ ಮಹಿಮೆಯನ್ನು ಮಾತ್ರ ನಮಗೆ ಯಾರೂ ಪಾಠ ಮಾಡಲಿಲ್ಲ. ಅದು ಪ್ರತ್ಯಯವೋ ಅವ್ಯಯವೋ ಎಂದು ಬಲ್ಲವರು ಜಗಳ ಮಾಡಿಕೊಳ್ಳಲಿ. ಮಾತಿನ ಬಾಲಕ್ಕೆ ಅಂಟುತ್ತದೆ, ಅಂಟಿದ ಕೂಡಲೇ ಹೇಳಿದವನು ಹಿಂಬಾಗಿಲಿನಿಂದ ಮೆಲ್ಲಗೆ ಜಾರಿಕೊಳ್ಳುತ್ತಾನೆ, ನನಗೆ ಗೊತ್ತಿರುವುದು ಅಷ್ಟೇ. 'ಅವರ ಮಗಳು ಓಡಿಹೋದಳು' ಎಂದರೆ ಪೆಟ್ಟು ತಿನ್ನಬೇಕಾದೀತು. 'ಓಡಿಹೋದಳಂತೆ' ಎಂದರೆ ಚಾ ಸಿಗುತ್ತದೆ!

ನಮ್ಮ ಜಿಲ್ಲೆಯಲ್ಲಾದರೋ ಒಂದೇ ಭಾಷೆಯಲ್ಲಿ ಜಾರಿಕೊಂಡರೆ ಸಾಲದು. ಕನ್ನಡದಲ್ಲಿ 'ಬಂದನಂತೆ', ಮೇಲಿನ ಮನೆಯ ಭಟ್ಟರ ಮನೆಮಾತಿನಲ್ಲಿ 'ಬಂದನಡ', ತುಳುವಿನಲ್ಲಿ 'ಬತ್ತೆಗೆ', ಮಲಯಾಳದಲ್ಲಿ 'ವನ್ನತ್ರೇ'. ಬಂದವನು ಒಬ್ಬನೇ. ನಾಲ್ಕು ಭಾಷೆಯಲ್ಲೂ ಅವನನ್ನು ಕಂಡವರು ಯಾರೂ ಇಲ್ಲ!

ಜನ ತಪ್ಪಿಸಿಕೊಳ್ಳಲು ಬಳಸುವ ಈ ಬಾಲವನ್ನು ದೊಡ್ಡಪ್ಪ ಸತ್ಯ ಹೇಳಲು ಬಳಸುತ್ತಾರೆ. ಅದೇ ಅವರ ವಿಶೇಷ, ಅದೇ ನಮ್ಮ ಕಷ್ಟ. ಅವರು ಮೂವತ್ತೊಂದು ವರ್ಷ ವಿಲ್ಲೇಜ್ ಆಫೀಸುಗಳಲ್ಲಿ ಕೆಲಸ ಮಾಡಿದವರು. ಕೆಲಸ ಎಂದರೆ ಹೋಗಿ ನೋಡಿ ಬರುವುದು. ಅರ್ಜಿಯಲ್ಲಿ 'ಬಾವಿ ಉಂಟು' ಎಂದಿದ್ದರೆ ಗುಡ್ಡ ಹತ್ತಿ, ಬಾವಿಗೆ ಬಗ್ಗಿ, ನೀರು ಕಂಡು ಬರಬೇಕು. ಸೇರಿದ ಹೊಸತರಲ್ಲಿ ಒಮ್ಮೆ ಕುಂಬ್ಡಾಜೆಯ ಗುಡ್ಡ ಹತ್ತಲು ಉದಾಸೀನವಾಗಿ, ಕೆಳಗಿನ ಚಾದಂಗಡಿಯಲ್ಲಿ ವಿಚಾರಿಸಿ, 'ಬಾವಿ ಉಂಟು' ಎಂದು ಬರೆದುಕೊಟ್ಟರು. ಬಾವಿ ಇತ್ತು. ಆದರೆ ಪಕ್ಕದವರ ಜಾಗದಲ್ಲಿ! ಆ ಗಲಾಟೆ ತಣಿಯಲು ಆರು ತಿಂಗಳು ಹಿಡಿಯಿತು. ಅಂದಿನಿಂದ ಕಾಣದ ಒಂದು ಮಾತನ್ನೂ ಬಾಲ ಹಚ್ಚದೆ ಅವರು ಹೊರಗೆ ಬಿಟ್ಟಿಲ್ಲ. (ಇದನ್ನು ನನಗೆ ಹೇಳಿದ್ದು ಅಪ್ಪ. ದೊಡ್ಡಪ್ಪನ ಕಾನೂನಿನ ಪ್ರಕಾರ ಬಾವಿಯ ಕಥೆಯ ಎಲ್ಲ ಕ್ರಿಯಾಪದಗಳಿಗೂ ನೀವೇ ಒಂದೊಂದು 'ಅಂತೆ' ಹಚ್ಚಿಕೊಂಡು ಓದಬೇಕು.)

ಊರಿನವರು ಅವರಿಗೆ 'ಅಂತೆಣ್ಣ' ಎಂದು ಹೆಸರಿಟ್ಟಿದ್ದಾರೆ. ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಬರೆದು ತೋರಿಸಿದರೂ ಅವರು 'ಹಾಗಂತೆ' ಎಂದೇ ಹೇಳುವುದು!

ಒಮ್ಮೆ ಲೆಕ್ಕ ಹಾಕಿಯೇಬಿಡೋಣ ಎಂದು ಅಕ್ಟೋಬರ್ ಹನ್ನೆರಡು, ಭಾನುವಾರ, ಬೆಳಗಿನ ಚಾದಿಂದ ಮಧ್ಯಾಹ್ನದ ಊಟದವರೆಗೆ ಪುಸ್ತಕ ಹಿಡಿದು ಕುಳಿತೆ. ಒಟ್ಟು ನಲವತ್ತಾರು 'ಅಂತೆ'. ಅದರಲ್ಲಿ ಮಳೆ-ಬಿಸಿಲಿನ ವಿಷಯಕ್ಕೆ ಒಂಬತ್ತು, ನೆಂಟರ ವಿಷಯಕ್ಕೆ ಹನ್ನೊಂದು. ಪೇಪರನ್ನು ಗಟ್ಟಿಯಾಗಿ ಓದುವಾಗ ಪ್ರತಿ ವಾಕ್ಯದ ಕೊನೆಗೂ ತಾವೇ ಒಂದು ಸೇರಿಸುತ್ತಾರಾದ್ದರಿಂದ ಅದಕ್ಕೆ ಇಪ್ಪತ್ತೊಂದು. ಬಾಕಿ ಐದು ಸ್ವಂತ ವಿಷಯಕ್ಕೆ! ಅವುಗಳಲ್ಲಿ ಒಂದು: "ನಾನು ನಿನ್ನೆ ಜೋರು ಗೊರಕೆ ಹೊಡೆದೆನಂತೆ." ಇದೊಂದನ್ನು ಮಾತ್ರ ನಾನೂ ಒಪ್ಪಿದ್ದೇನೆ. ಲೋಕದಲ್ಲಿ ತನ್ನ ಗೊರಕೆಯ ಬಗ್ಗೆ ಅಂತೆ ಇಲ್ಲದೆ ಮಾತಾಡುವ ಯೋಗ್ಯತೆ ಯಾರಿಗೆ ಉಂಟು ಹೇಳಿ?

ಬೇರೆಯವರು ಅಂತೆ ಬಿಟ್ಟರೂ ಅವರಿಗೆ ತಡೆಯುವುದಿಲ್ಲ. ಅಮ್ಮ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಮಾತಾಡುತ್ತಿದ್ದರು.

"ಅವರ ಸೊಸೆ ಜಗಳ ಮಾಡಿ ತವರಿಗೆ ಹೋದಳು ಮಾರಾಯ್ತಿ!"

"ಅಂತೆ!" ಜಗಲಿಯಿಂದ.

"ಅತ್ತೆಗೆ ಎದುರು ಮಾತಾಡಿದಳು."

"ಅಂತೆ!"

"ಇನ್ನು ಬರುವುದೇ ಇಲ್ಲ ಅಂದಳು."

"ಅಂತೆ! ಅಂತೆ!"

ಅಮ್ಮ ಫೋನು ಹಿಡಿದುಕೊಂಡು ಅಡುಗೆಮನೆಯ ಹಿಂದಕ್ಕೆ ಹೋದರು. ಆ ಕಡೆಯಿಂದ ಚಿಕ್ಕಮ್ಮ ಕೇಳುತ್ತಿದ್ದರು: "ಅಕ್ಕಾ, ನಿಮ್ಮಲ್ಲಿ ಭಜನೆ ಉಂಟಾ? ಯಾರೋ ತಾಳ ಹಾಕಿದ ಹಾಗೆ ಕೇಳ್ತದಲ್ಲ!"

ನಾನು ಕುಂಬಳೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ದೊಡ್ಡಪ್ಪನ ರಕ್ತವನ್ನೂ ಪರೀಕ್ಷೆ ಮಾಡಿದೆ. ಸಂಜೆ ಬಂದು ಹೇಳಿದೆ.

"ದೊಡ್ಡಪ್ಪ, ನಿಮಗೆ ಶುಗರ್ ಉಂಟು."

"ಉಂಟಂತೆ," ಎಂದು ತಿದ್ದಿದರು.

"ಅಂತೆ ಅಲ್ಲ! ಟೆಸ್ಟ್ ಮಾಡಿದ್ದು ನಾನೇ. ನನ್ನ ಕಣ್ಣಿನಿಂದಲೇ ಕಂಡದ್ದು!"

"ಕಂಡದ್ದು ನೀನಲ್ವಾ ಮಗಳೇ? ಹಾಗಾದರೆ ನಿನಗೆ 'ಉಂಟು'. ನನಗೆ 'ಉಂಟಂತೆ'."

ಹೀಗೆ ಕಾಯಿಲೆಯನ್ನು ನನಗೆ ವರ್ಗಾಯಿಸಿ, ಡಬ್ಬಿಗೆ ಕೈಹಾಕಿ ಇನ್ನೊಂದು ಎಳ್ಳುಂಡೆ ತೆಗೆದರು. ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು. "ಇದು ಉಂಟು," ಎಂದರು, ಬಾಯಿ ತುಂಬ!

ಅವರು ಗೆದ್ದ ಸಂದರ್ಭವನ್ನೂ ಬರೆಯದಿದ್ದರೆ ನನ್ನ ಲೆಕ್ಕ ಅರ್ಧದ್ದಾಗುತ್ತದೆ. ಒಮ್ಮೆ ಕುಂಬಳೆಯ ಬಸ್‌ಸ್ಟಾಂಡಿನಲ್ಲಿ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದು, "ಬದಿಯಡ್ಕದ ಬಸ್ಸು ಹೋಯ್ತಾ?" ಎಂದು ಕೇಳಿದರು. ನಿಂತಿದ್ದ ಮೂವರು "ಹೋಯ್ತು" ಎಂದರು. ದೊಡ್ಡಪ್ಪ ಮಾತ್ರ "ಹೋಯ್ತಂತೆ" ಎಂದರು. ಆ ಹೆಂಗಸು ಕೊನೆಯ ಎರಡಕ್ಷರವನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ನಿಂತರು. ಐದು ನಿಮಿಷದಲ್ಲಿ ಬಸ್ಸು ಬಂತು! ದೊಡ್ಡಪ್ಪ ನನ್ನ ಕಡೆ ತಿರುಗಿ, "ನೋಡಿದೆಯಾ? 'ಹೋಯ್ತು' ಅಂದವರ ಬಸ್ಸು ಹೋಯ್ತು. ನನ್ನ ಬಸ್ಸು ಬಂತು," ಎಂದರು. ಆ ವಾರವಿಡೀ ಮನೆಯಲ್ಲಿ ಅವರ ಎದುರು ನಿಲ್ಲಲಿಕ್ಕೆ ಸಾಧ್ಯವಿರಲಿಲ್ಲ.

ಇಂಥವರ ಪಕ್ಕದ ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ಬದುಕುತ್ತಿರುವವರು ಬೀಫಾತಿಮ್ಮ. ನಡುವಿನ ಗೋಡೆ ಗಿಡ್ಡ, ಬೀಫಾತಿಮ್ಮನ ಧ್ವನಿ ಉದ್ದ. ಬೆಳಿಗ್ಗೆ ಅವರು ಗೋಡೆಯ ಆಚೆ ಬಟ್ಟೆ ಒಗೆಯುವುದು, ಇವರು ಈಚೆ ಪೇಪರು ಓದುವುದು, ಇಬ್ಬರೂ ಕೇರಳ, ಕರ್ನಾಟಕ, ಗಲ್ಫ್ ಎಂದು ಎಲ್ಲ ಕಡೆಯ ವಿಷಯಕ್ಕೂ ಜಗಳ ಮಾಡುವುದು. ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಒಬ್ಬಳೇ ಮಗಳು ರಮ್ಲ, ಗಂಡನ ಜೊತೆ ಶಾರ್ಜಾದಲ್ಲಿದ್ದಾಳೆ. ಮದುವೆಯಾಗಿ ಎಂಟು ವರ್ಷದ ಮೇಲೆ ಈಗ ಬಸುರಿ. ಡಾಕ್ಟರು ಹಾಸಿಗೆಯಿಂದ ಏಳಬಾರದು ಎಂದಿದ್ದರಿಂದ ಅವಳು ಊರಿಗೆ ಬರುವ ಹಾಗಿಲ್ಲ. ಹಾಗಾಗಿ, ಮಂಗಳೂರಿನಿಂದ ಆಚೆಗೆ ಹೋಗದ ಬೀಫಾತಿಮ್ಮ ವಿಮಾನ ಹತ್ತಲು ತಯಾರಾದರು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ಇನ್ನು ಪೊಲೀಸಿನವರು ಬಂದು ಅಕ್ಕಪಕ್ಕದಲ್ಲಿ ವಿಚಾರಿಸಿ ಹೋಗುವುದೊಂದು ಬಾಕಿ.

ಅಕ್ಕಪಕ್ಕ ಎಂದರೆ ಯಾರು? ದೊಡ್ಡಪ್ಪ!

ನವೆಂಬರ್ ನಾಲ್ಕು, ಮಂಗಳವಾರ. ರಮ್ಲಳ ಹೆರಿಗೆಗೆ ಡಾಕ್ಟರು ಹೇಳಿದ ದಿನಕ್ಕೆ ಬಾಕಿ ಐವತ್ತನಾಲ್ಕು ದಿನ. ಪೊಲೀಸಿನವರು ಬಂದರು. ಪಯ್ಯನ್ನೂರಿನ ಕಡೆಯವರು, ಈ ಕಡೆಗೆ ಹೊಸಬರು, ಮಲಯಾಳದ ರಾಗದಲ್ಲಿ ಕಷ್ಟಪಟ್ಟು ಕನ್ನಡ ಮಾತಾಡುವ ಸಭ್ಯ ಮನುಷ್ಯ. ಬೀಫಾತಿಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಗೋಡೆಯ ಆಚೆ ನಿಂತರು.

"ಬೀಫಾತಿಮ್ಮ ಎಂಬವರು ಇವರೇ ಅಲ್ವಾ?"

"ಹೌದಂತೆ," ಎಂದರು ದೊಡ್ಡಪ್ಪ.

"ವಯಸ್ಸು ಐವತ್ತೊಂಬತ್ತು?"

"ಅಷ್ಟಂತೆ."

"ಇವರ ಮೇಲೆ ಕೇಸ್ ಎಂತಾದರೂ ಉಂಟಾ?"

"ಇಲ್ಲವಂತೆ."

ಕೆಲಸ ಕೆಟ್ಟಿತು ಎಂದುಕೊಂಡೆ. ಆದರೆ ಪೊಲೀಸಿನವರು ತಲೆಯಾಡಿಸುತ್ತ ಚಕಚಕನೆ ಬರೆದುಕೊಳ್ಳುತ್ತಿದ್ದಾರೆ! ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. 'ಅಣ್ಣ', 'ಅಕ್ಕ' ಎಂದು ಹಚ್ಚುವ ಹಾಗೆ ಇದೂ ಈ ಊರಿನಲ್ಲಿ ಮಾತಿನ ಕೊನೆಗೆ ಮರ್ಯಾದೆಗಾಗಿ ಹಚ್ಚುವ ಬಾಲ ಎಂದು ಅವರು ತಿಳಿದುಕೊಂಡಿದ್ದರು. ಅಮ್ಮ ಚಾ ತಂದಾಗ ಅವರು ಎರಡೂ ಕೈ ಜೋಡಿಸಿ, ಬಹಳ ವಿನಯದಿಂದ, "ಬೇಡಂತೆ," ಎಂದರು!

ಅಷ್ಟಕ್ಕೇ ಮುಗಿದಿದ್ದರೆ ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು. ಆದರೆ ದೊಡ್ಡಪ್ಪ ಕತ್ತು ಚಾಚಿ ಅವರ ಕಾಗದವನ್ನು ನೋಡಿದರು.

"ಸರ್, ಅಂತೆ ಬರೆದಿರಾ?"

"ಅದೂ ಬರೀಬೇಕಾ?"

"ಬರೀಬೇಕು! ಅದಿಲ್ಲದಿದ್ದರೆ ಅರ್ಥವೇ ಬೇರೆ ಆಗ್ತದೆ. ನಿಮ್ಮ ಭಾಷೆಯಲ್ಲಿ 'ಅತ್ರೇ' ಉಂಟಲ್ಲ, ಅದೇ ಇದು."

ಪೆನ್ನು ನಿಂತಿತು. "ಅತ್ರೇ? ಅಂದರೆ ಕೇಸ್ ಇಲ್ಲತ್ರೇ?"

"ಹಾಂ! ಈಗ ಸರಿಯಾಯ್ತು."

"ಅಲ್ಲ, ಕೇಸ್ ಉಂಟಾ ಇಲ್ವಾ?"

"ಇಲ್ಲ ಅಂತ ಎಲ್ಲರೂ ಹೇಳ್ತಾರೆ. ನಾನು ಸ್ಟೇಷನ್ ಸ್ಟೇಷನ್ ಸುತ್ತಿ ನೋಡ್ಲಿಲ್ಲ."

"ಹೆಸರಾದರೂ ಬೀಫಾತಿಮ್ಮ ಅಂತ ಗೊತ್ತುಂಟಲ್ಲ?"

"ಹೆಸರಿಡುವಾಗ ನನ್ನನ್ನು ಕರೆದಿರಲಿಲ್ಲ."

ಪೊಲೀಸಿನವರು ಪೆನ್ನಿನ ಮುಚ್ಚಳ ಹಾಕಿದರು. "ಪಕ್ಕದ ಮನೆಯ ಹಿರಿಯರೇ ಹೀಗೆ ಸಂಶಯದಲ್ಲಿ ಹೇಳಿದ ಮೇಲೆ ನಾನು ಹೇಗೆ ಬರೀಲಿ? ಎರಡು ವಾರ ನನಗೆ ಬೇರೆ ಕಡೆ ಡ್ಯೂಟಿ ಉಂಟು. ಮತ್ತೆ ಬರ್ತೇನೆ. ಅಷ್ಟರಲ್ಲಿ ಸರಿಯಾಗಿ ಯೋಚನೆ ಮಾಡಿಡಿ," ಎಂದು ಬೈಕ್ ಹತ್ತಿದರು.

ಬೈಕು ತಿರುವು ದಾಟುವವರೆಗೆ ಬೀಫಾತಿಮ್ಮ ತಡೆದುಕೊಂಡರು.

"ಅಂತೆಣ್ಣಾ! ಮೂವತ್ತೆಂಟು ವರ್ಷದಿಂದ ನೀವು ಜಗಳ ಮಾಡಿದ್ದು ಯಾರ ಹತ್ತಿರ? ಗೋಡೆಯ ಹತ್ತಿರವಾ? ಮೋಳೇ, ಈ ಜನಕ್ಕೆ ಕಣ್ಣು ಪರೀಕ್ಷೆ ಮಾಡು ಮಾರಾಯ್ತಿ, ರಕ್ತ ಸಾಕು!" (ಮೋಳೇ ಎಂದರೆ ಮಗಳೇ, ಅಂದರೆ ನಾನು.)

ನಾನು ಮರುದಿನದಿಂದಲೇ ತರಬೇತಿ ಶುರುಮಾಡಿದೆ. ನಾನು ಪೊಲೀಸು, ದೊಡ್ಡಪ್ಪ ದೊಡ್ಡಪ್ಪ, ಬೀಫಾತಿಮ್ಮ ಗೋಡೆಯ ಮೇಲೆ ಮೊಣಕೈ ಊರಿದ ನ್ಯಾಯಾಧೀಶರು.

"ಇವರ ಮೇಲೆ ಕೇಸ್ ಉಂಟಾ?"

"ಇಲ್ಲ..." ದೊಡ್ಡಪ್ಪನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಸೀನು ತಡೆಯುವವರ ಹಾಗೆ ಐದು ಸೆಕೆಂಡು ತಡೆದರು. "...ವಂತೆ!"

"ಬೇರೆ ಬಾಲ ಹಚ್ಚಿ ನೋಡುವ," ಎಂದೆ ನಾನು. "ಎಂತಾದರೂ ಹಚ್ಚಲೇಬೇಕು ಅಂತ ನಿಮಗೆ ಇದ್ದರೆ."

"'ಓ' ಹಚ್ಚಬಹುದು," ಎಂದು ದೊಡ್ಡಪ್ಪ ಉತ್ಸಾಹದಿಂದ ಹೇಳಿದರು. "ಕೇಸು ಇಲ್ಲವೋ ಏನೋ."

"ಅಯ್ಯೋ! ಅದಕ್ಕಿಂತ ಅಂತೆಯೇ ವಾಸಿ!" ಎಂದು ಬೀಫಾತಿಮ್ಮ ಕೂಗಿದರು.

"ಹಾಗಾದರೆ 'ಏ' ಹಚ್ಚಿ. ಇಲ್ಲವೇ ಇಲ್ಲ."

"'ಏ' ಹಚ್ಚಬೇಕಾದರೆ ದೇವರಾಗಬೇಕು ಮಗಳೇ. ನಾನು ಬರೀ ವಿಲ್ಲೇಜ್ ಆಫೀಸಿನವ."

ಹೀಗೆ ಆರು ದಿನದಲ್ಲಿ ಒಂಬತ್ತು ಪ್ರಯತ್ನ, ಒಂಬತ್ತೂ ಸೋಲು. ಮೊದಲ ಎಂಟಕ್ಕೆ ಬೀಫಾತಿಮ್ಮ ನಕ್ಕಿದ್ದರು. ಒಂಬತ್ತನೆಯದಕ್ಕೆ ನಗಲಿಲ್ಲ.

"ಅಣ್ಣ," ಎಂದರು. ಧ್ವನಿ ಮೊದಲ ಬಾರಿಗೆ ಗೋಡೆ ದಾಟಲು ಕಷ್ಟಪಟ್ಟಿತು. "ರಮ್ಲ ನಿನ್ನೆ ಫೋನಿನಲ್ಲಿ ಹೆದರಿಕೆ ಆಗ್ತದೆ ಉಮ್ಮ ಅಂತ ಅತ್ತಳು. ಹೆರಿಗೆಯ ಕೋಣೆಯ ಬಾಗಿಲಲ್ಲಿ ನಿಲ್ಲಲಿಕ್ಕೆ ಅಲ್ಲಿ ಅವಳಿಗೆ ಹೆಣ್ಣು ದಿಕ್ಕು ಯಾರೂ ಇಲ್ಲ. ನಿಮಗೆ ನಿಮ್ಮ ಆ ಬಾಲವೇ ದೊಡ್ಡದಾಯ್ತಲ್ಲ."

ಒಳಗೆ ಹೋದರು. ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವರು ಕಾಣಲಿಲ್ಲ. ಅದರ ಮರುದಿನವೂ ಇಲ್ಲ. ದೊಡ್ಡಪ್ಪ ಪೇಪರನ್ನು ಮನಸ್ಸಿನಲ್ಲೇ ಓದತೊಡಗಿದರು. ನಾನು ಕೇಳಿಬಿಟ್ಟೆ.

"ಒಂದು ಸಲ ಬಿಟ್ಟುಬಿಡಿ ದೊಡ್ಡಪ್ಪ. ಯಾರಿಗೆ ಎಂತ ನಷ್ಟ?"

"ಬಿಡಬಹುದು. ಆದರೆ ಅದು ಅವಳ ಕಾಗದದಲ್ಲಿ ಹೋಗಿ ಕೂತುಕೊಳ್ತದೆ. ಕಾಣದ್ದನ್ನು ಕಂಡೆ ಅಂತ ಬರೆಸಿದರೆ, ಅವಳ ಬಗ್ಗೆ ನಾನು ಹೇಳಿದ ನಿಜ ಯಾವುದು, ಸುಳ್ಳು ಯಾವುದು ಅಂತ ನನಗೇ ಆಮೇಲೆ ಗೊತ್ತಾಗ್ಲಿಕ್ಕಿಲ್ಲ," ಎಂದು ಗೋಡೆಯ ಕಡೆಗೇ ನೋಡುತ್ತ ಕುಳಿತರು. ಆ ದಿನ ಒಂದೂ 'ಅಂತೆ' ಇಲ್ಲ.

ನವೆಂಬರ್ ಹದಿನೆಂಟು, ಮಂಗಳವಾರ. ಹೆರಿಗೆಗೆ ಬಾಕಿ ನಲವತ್ತು ದಿನ. ಬೈಕಿನ ಸದ್ದು ಕೇಳುವ ಮೊದಲೇ ದೊಡ್ಡಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿ ಕುಳಿತಿದ್ದರು. ಬೀಫಾತಿಮ್ಮನ ಬಾಗಿಲು ಅರ್ಧ ತೆರೆಯಿತು. ಅವರು ಹೊರಗೆ ಬಂದು ಗೋಡೆಯಿಂದ ದೂರವೇ ನಿಂತರು.

"ಈಗ ಹೇಳಿ," ಎಂದರು ಪೊಲೀಸಿನವರು. "ಅಂತೆ ಇಲ್ಲದೆ ಹೇಳಿ."

ದೊಡ್ಡಪ್ಪ ಎದ್ದು ನಿಂತರು. "ಸರ್, ನೀವು ಆವತ್ತು ಕೇಳಿದ್ದು ಹೆಸರು, ವಯಸ್ಸು, ಕೇಸು. ಅದೆಲ್ಲ ಕಾಗದದಲ್ಲಿ ಇರುವಂಥದ್ದು. ನಾನು ಎಂತ ಕಂಡಿದ್ದೇನೆ ಅಂತ ನೀವು ಕೇಳ್ಲೇ ಇಲ್ಲ."

"ಆಯ್ತು. ಎಂತ ಕಂಡಿದ್ದೀರಿ?"

"ಮದುವೆಯಾಗಿ ಆ ಮನೆಗೆ ಬಂದದ್ದು ಕಂಡಿದ್ದೇನೆ. ಗೇಟಿನ ಹತ್ತಿರ ಚಪ್ಪಲಿ ಕಿತ್ತುಹೋಗಿ, ಒಂದು ಕಾಲಲ್ಲಿ ನಿಂತು ನಗಾಡಿದ್ದು. ಗಂಡ ಹೋದ ಮೇಲೆ ಅಲ್ಲಿಯ ಕಟ್ಟೆಯಲ್ಲಿ ಕೂತು ಬೀಡಿ ಕಟ್ಟಿದ್ದು ಕಂಡಿದ್ದೇನೆ. ಮಗಳು ಪಾಠ ಓದುವುದು, ಇವಳು ಬೀಡಿ ಸುತ್ತುತ್ತಾ ಕೇಳುವುದು. ಮಗಳು ಕಾಲೇಜು ಮುಗಿಸುವವರೆಗೂ ಹಾಗೆಯೇ." ದೊಡ್ಡಪ್ಪ ಒಳಗಿನ ಕೋಣೆಯ ಬಾಗಿಲಿನ ಕಡೆ ತಿರುಗಿದರು. "ನನ್ನ ಹೆಂಡತಿ ಹನ್ನೊಂದು ತಿಂಗಳು ಹಾಸಿಗೆ ಹಿಡಿದಿದ್ದಳು. ಮನೆಯವರೆಲ್ಲ ಹೊರಟ ಮೇಲೆ ದಿನಾ ಇವಳು ಈ ಗೋಡೆ ಸುತ್ತಿಕೊಂಡು ಬಂದು ಅವಳ ತಲೆ ಬಾಚುತ್ತಿದ್ದಳು. ಎಣ್ಣೆ ಹಾಕಿ, ಸಿಕ್ಕು ಬಿಡಿಸಿ, ಜಡೆ ಹೆಣೆದು. ನೋವಾಗ್ತದಾ ಅಕ್ಕ, ನೋವಾಗ್ತದಾ ಅಂತ ಕೇಳ್ತಾ. ಕೊನೆಯ ದಿನವೂ ಬಾಚಿದ್ದಾಳೆ. ನಾನು ಬಾಗಿಲಲ್ಲಿ ನಿಂತು ಕಂಡದ್ದು. ಬರ್ಕೊಳ್ಳಿ."

ನಾನು ಆಗ ಶಾಲೆಗೆ ಹೋಗುತ್ತಿದ್ದೆ. ಸಂಜೆ ಬಂದಾಗ ದೊಡ್ಡಮ್ಮನ ಜಡೆ ಚೆಂದವಾಗಿ ಎದೆಯ ಮೇಲೆ ಬಿದ್ದಿರುತ್ತಿತ್ತು. ಎಲ್ಲವನ್ನೂ ಬರೆದಿಡುವ ನಾನು, ಯಾರು ಹೆಣೆದದ್ದು ಎಂದು ಒಂದು ದಿನವೂ ಕೇಳಿರಲಿಲ್ಲ.

ಪೊಲೀಸಿನವರು ಬಹಳ ಹೊತ್ತು ಬರೆದರು. ಆಮೇಲೆ ಮೆಲ್ಲಗೆ, "ಕೇಸು ಇಲ್ಲ ಅಂತ ಬರೀಲಾ?" ಎಂದರು.

"ಅದು ನಿಮ್ಮ ಸ್ಟೇಷನಿನಲ್ಲಿ ನೀವೇ ನೋಡ್ಕೊಳ್ಳಿ," ಎಂದರು ದೊಡ್ಡಪ್ಪ.

ಪೊಲೀಸಿನವರು ನಕ್ಕರು. ಈ ಸಲ ಅಮ್ಮ ಕೊಟ್ಟ ಚಾ ಬೇಡ ಎನ್ನಲಿಲ್ಲ. ಕುಡಿದು ಲೋಟ ಇಡುತ್ತ, ತಮಾಷೆಗೆ ಕೇಳಿದರು: "ಅಲ್ಲ ಅಣ್ಣ, ಇವರು ಹೋಗಿ ಮೊಮ್ಮಗುವಿನ ಮುಖ ನೋಡಿ, ಮತ್ತೆ ಅಲ್ಲೇ ನಿಂತುಬಿಟ್ಟರೆ? ನಿಮಗೆ ಜಗಳಕ್ಕೆ ಯಾರು?"

ದೊಡ್ಡಪ್ಪ ಗೋಡೆಯ ಕಡೆ ನೋಡಿದರು.

"ಬರ್ತಾಳೆ," ಎಂದರು.

ನಾವೆಲ್ಲರೂ ಬಾಕಿ ಎರಡಕ್ಷರಕ್ಕೆ ಕಾದೆವು. ಇನ್ನೂ ನಡೆಯದ, ಯಾರೂ ಕಾಣದ, ಯಾರೂ ಬಂದು ಹೇಳದ ಸಂಗತಿ! ದೊಡ್ಡಪ್ಪ ಬಾಯಿ ಮುಚ್ಚಿಕೊಂಡೇ ನಿಂತಿದ್ದರು.

ಗೋಡೆಯ ಆಚೆ ಮೂಗು ಒರೆಸಿಕೊಂಡ ಸದ್ದಾಯಿತು. ಆಮೇಲೆ ಅರ್ಧ ನಗು, ಅರ್ಧ ಅಳುವಿನಲ್ಲಿ ಬೀಫಾತಿಮ್ಮನ ಧ್ವನಿ ಬಂತು.

"ಕೇಳಿತಾ ಮೋಳೇ? ನಾನು ಬರ್ತೇನಂತೆ!"